ಫೋರ್ಟ್ ಕೊಚ್ಚಿಯ ಡಚ್ ಸ್ಮಶಾನ: ಬೀಗ ಹಾಕಿದ ಗೇಟಿನಾಚೆ ಹೋಗುವುದು ಹೇಗೆ?

ಫೋರ್ಟ್ ಕೊಚ್ಚಿಗೆ ಹೋಗಿ ಬಂದವರು ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. "ಬೀಚ್ ಹತ್ತಿರ ಡಚ್ಚರ ಸ್ಮಶಾನ ಇದೆ ಅಂತ ಹುಡುಕಿಕೊಂಡು ಹೋದ್ವಿ. ಗೇಟಿಗೆ ಬೀಗ ಇತ್ತು. ಅದು ಯಾವಾಗ ತೆಗೆದಿರುತ್ತೆ?"

ಹೀಗೆ ಕೇಳಿದರೆ ಉತ್ತರ ಸಿಗುವುದಿಲ್ಲ. ಅದು ಟಿಕೆಟ್ ತಗೊಂಡು ಒಳಗೆ ಹೋಗುವ ಜಾಗವಲ್ಲ. ಮ್ಯೂಸಿಯಂ ಥರ ಇಷ್ಟು ಗಂಟೆಗೆ ತೆಗೆದು ಇಷ್ಟು ಗಂಟೆಗೆ ಮುಚ್ಚುವ ಪದ್ಧತಿ ಅಲ್ಲಿಲ್ಲ. ಕೇಳಬೇಕಾದ ಪ್ರಶ್ನೆಯೇ ಬೇರೆ: ಬೀಗದ ಕೈ ಯಾರ ಹತ್ತಿರ ಇದೆ?

ಅದು ಇರುವುದು ಸೇಂಟ್ ಫ್ರಾನ್ಸಿಸ್ ಚರ್ಚಿನವರ ಹತ್ತಿರ. ಸ್ಮಶಾನ ನೋಡಿಕೊಳ್ಳುವವರು ಅವರೇ. ಹಾಗಾಗಿ ಸ್ಮಶಾನದ ಭೇಟಿ ಚರ್ಚಿನಿಂದ ಶುರುವಾಗಬೇಕು, ಗೇಟಿನಿಂದಲ್ಲ. ಇದೊಂದು ಗೊತ್ತಿದ್ದರೆ ಅರ್ಧ ಕೆಲಸ ಆದ ಹಾಗೆ. ಮೊದಲ ಸಲ ನಾನೂ ನೇರ ಗೇಟಿಗೇ ಹೋಗಿ, ಸರಳುಗಳ ಸಂದಿಯಲ್ಲಿ ಇಣುಕಿ ವಾಪಸ್ ಬಂದವನೇ.

ಹೊರಡುವ ಮೊದಲು ಮೂರು ತಪ್ಪು ತಿಳಿವಳಿಕೆ ಬಿಡಿಸಿಕೊಳ್ಳೋಣ. ಇವು ಎಲ್ಲ ಕಡೆ ಓಡಾಡುತ್ತಿವೆ.

ಮೊದಲನೆಯದು, "ವಾಸ್ಕೋ ಡ ಗಾಮನ ಗೋರಿ ಡಚ್ ಸ್ಮಶಾನದಲ್ಲಿದೆ" ಅನ್ನುವುದು. ಇಲ್ಲ. ಅವನು ಕೊಚ್ಚಿಯಲ್ಲಿ ಸತ್ತದ್ದು 1524ರ ಡಿಸೆಂಬರ್ 24ರಂದು. ಈ ಸ್ಮಶಾನ ಶುರುವಾದದ್ದು 1724ರಲ್ಲಿ. ನಡುವೆ ಸರಿಯಾಗಿ 200 ವರ್ಷದ ಅಂತರ. ಅವನನ್ನು ಹೂಳಿದ್ದು ಚರ್ಚಿನೊಳಗೆ. ಆ ಗೋರಿಯೂ ಈಗ ಖಾಲಿ. 1539ರಲ್ಲಿ ಅವನ ಅಸ್ಥಿಯನ್ನು ಪೋರ್ಚುಗಲ್‌ಗೆ ಸಾಗಿಸಿದರು.

ಎರಡನೆಯದು, "ಇದು ಭಾರತದ ಅತ್ಯಂತ ಹಳೆಯ ಯುರೋಪಿಯನ್ ಸ್ಮಶಾನ" ಅನ್ನುವುದು. ಪ್ರವಾಸದ ಬರಹಗಳಲ್ಲಿ ಇದನ್ನು ಒಬ್ಬರಿಂದೊಬ್ಬರು ನಕಲು ಮಾಡುತ್ತಲೇ ಇದ್ದಾರೆ. ಲೆಕ್ಕ ಕೂಡುವುದಿಲ್ಲ. 1614ರಲ್ಲಿ ತೀರಿಕೊಂಡ ಇಂಗ್ಲಿಷ್ ವ್ಯಾಪಾರಿ ಜಾನ್ ಮಿಲ್ಡೆನ್‌ಹಾಲ್‌ನ ಗೋರಿ ಆಗ್ರಾದಲ್ಲಿದೆ. ಮಲಬಾರಿನ ಗಿಡಮೂಲಿಕೆಗಳ ಬಗ್ಗೆ 12 ಸಂಪುಟದ 'ಹೋರ್ಟಸ್ ಮಲಬಾರಿಕಸ್' ಮಾಡಿಸಿದ ವಾನ್ ರೀಡ್, ಕೊಚ್ಚಿಯಲ್ಲಿ ಡಚ್ಚರ ದೊಡ್ಡ ಅಧಿಕಾರಿಯಾಗಿದ್ದವನು, 1691ರಲ್ಲಿ ಸತ್ತ. ಅವನ ದೊಡ್ಡ ಗೋರಿ ಇರುವುದು ಸೂರತ್ತಿನಲ್ಲಿ. ಕೊಚ್ಚಿಯ ಸ್ಮಶಾನ ಹಳೆಯದು ಹೌದು. ಆದರೆ ಎಲ್ಲಕ್ಕಿಂತ ಹಳೆಯದಲ್ಲ.

ಮೂರನೆಯದು, "ಅಲ್ಲಿರುವವರೆಲ್ಲ ಡಚ್ಚರು" ಅನ್ನುವುದು. ಡಚ್ಚರು ಪೋರ್ಚುಗೀಸರಿಂದ ಕೊಚ್ಚಿ ಕಿತ್ತುಕೊಂಡದ್ದು 1663ರ ಜನವರಿಯಲ್ಲಿ. ಬ್ರಿಟಿಷರು ಡಚ್ಚರಿಂದ ಕಿತ್ತುಕೊಂಡದ್ದು 1795ರಲ್ಲಿ. ಸ್ಮಶಾನದಲ್ಲಿ ಕೊನೆಯದಾಗಿ ಒಬ್ಬರನ್ನು ಹೂಳಿದ್ದು 1913ರಲ್ಲಿ. ಸ್ಮಶಾನ ಶುರುವಾದ 1724ರಿಂದ ಲೆಕ್ಕ ಹಾಕಿ ನೋಡಿ, ಡಚ್ಚರ ಆಳ್ವಿಕೆಯಲ್ಲಿ 71 ವರ್ಷ, ಬ್ರಿಟಿಷರ ಕಾಲದಲ್ಲಿ 118 ವರ್ಷ. ಹೆಸರು ಡಚ್ ಆದರೂ ಬ್ರಿಟಿಷರೂ ಅಲ್ಲೇ ಮಲಗಿದ್ದಾರೆ.

ಇನ್ನು ಒಂದೊಂದಾಗಿ ನೋಡೋಣ.

1. ದಿನ ಮತ್ತು ಹೊತ್ತು ಆರಿಸಿಕೊಳ್ಳಿ

ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜೋರು ಮಳೆ. ಅಕ್ಟೋಬರ್, ನವೆಂಬರ್‌ನಲ್ಲಿ ಮಧ್ಯಾಹ್ನದ ಮೇಲೆ ಗುಡುಗಿನ ಮಳೆ. ಮಳೆಗಾಲದಲ್ಲಿ ಸ್ಮಶಾನದ ಹುಲ್ಲು ಮೊಣಕಾಲುದ್ದ ಬೆಳೆದಿರುತ್ತದೆ. ಗೋರಿಗಳ ಬುಡ ಕಾಣುವುದಿಲ್ಲ, ಬುಡದಲ್ಲಿ ಏನಿದೆ ಅನ್ನುವುದೂ ಕಾಣುವುದಿಲ್ಲ.

ಡಿಸೆಂಬರ್ ಒಳ್ಳೆಯದು ಅಂದೆ, ಆದರೆ ಕೊನೆಯ ವಾರ ಬಿಟ್ಟುಬಿಡಿ. ಆಗ ಕೊಚ್ಚಿನ್ ಕಾರ್ನಿವಲ್ ನಡೆಯುತ್ತದೆ. ಹೊಸ ವರ್ಷದ ಹಿಂದಿನ ರಾತ್ರಿ 'ಪಪ್ಪಾಂಜಿ' ಅನ್ನುವ ಮುದುಕನ ದೊಡ್ಡ ಬೊಂಬೆ ಸುಡುತ್ತಾರೆ. ನೋಡಲು ಮಜವಾಗಿರುತ್ತದೆ, ಆದರೆ ಕಾಲಿಡಲು ಜಾಗ ಇರುವುದಿಲ್ಲ. ಚರ್ಚಿಗೂ ಅದೇ ವಾರ ಕ್ರಿಸ್‌ಮಸ್ ಗಡಿಬಿಡಿ. ಅಂಥ ಹೊತ್ತಿನಲ್ಲಿ ಹೋಗಿ ಬೀಗದ ಕೈ ಕೇಳಿದರೆ ಯಾರಿಗೆ ಪುರುಸೊತ್ತಿರುತ್ತದೆ?

ಭಾನುವಾರ ಬೆಳಗ್ಗೆಯೂ ಬೇಡ, ಪ್ರಾರ್ಥನೆ ಇರುತ್ತದೆ. ನನ್ನ ಕೇಳಿದರೆ ವಾರದ ನಡುವಿನ ದಿನ, ಬೆಳಗ್ಗೆ ಚರ್ಚು, ಸಂಜೆಗೆ ಸ್ಮಶಾನ. ಯಾಕೆ ಸಂಜೆ ಅನ್ನುವುದಕ್ಕೆ ಕಾರಣ ಇದೆ, ಕಲ್ಲು ಓದುವ ಹಂತದಲ್ಲಿ ಹೇಳುತ್ತೇನೆ.

2. ದಾರಿ

ಕೊಚ್ಚಿ ಅಂದರೆ ಒಂದೇ ಊರಲ್ಲ, ಇಲ್ಲೇ ಹೊಸಬರು ಎಡವುವುದು. ರೈಲು ಇಳಿಯುವುದು ಎರ್ನಾಕುಲಂನಲ್ಲಿ. ಅದು ದೊಡ್ಡ ಪೇಟೆ. ಹಿನ್ನೀರಿನ ಆಚೆ ದಡದಲ್ಲಿ ಮಟ್ಟಾಂಚೇರಿ ಮತ್ತು ಫೋರ್ಟ್ ಕೊಚ್ಚಿ. ನಿಮಗೆ ಬೇಕಾದದ್ದು ಫೋರ್ಟ್ ಕೊಚ್ಚಿ.

ದೋಣಿಯಲ್ಲಿ ಹೋಗಿ. ಎರ್ನಾಕುಲಂ ಹೈಕೋರ್ಟ್ ಹತ್ತಿರದ ಟರ್ಮಿನಲ್‌ನಿಂದ ಫೋರ್ಟ್ ಕೊಚ್ಚಿಗೆ ವಾಟರ್ ಮೆಟ್ರೋ ಇದೆ. ಈ ಮಾರ್ಗ ಶುರುವಾದದ್ದು 2024ರ ಏಪ್ರಿಲ್‌ನಲ್ಲಿ, ಆಗ ಟಿಕೆಟ್ ₹40 ಇತ್ತು. ಎ.ಸಿ. ದೋಣಿ, ಆರಾಮ. ಸರ್ಕಾರದ ಹಳೆಯ ದೋಣಿಗಳೂ ಎರ್ನಾಕುಲಂ ಜೆಟ್ಟಿಯಿಂದ ಓಡುತ್ತವೆ. ಅವು ಇನ್ನೂ ಅಗ್ಗ, ಗಾಳಿಯೂ ಜಾಸ್ತಿ. ರಸ್ತೆಯಲ್ಲಿ ಹೋದರೆ ಸುತ್ತು, ಟ್ರಾಫಿಕ್ ಬೇರೆ.

ಎಚ್ಚರಿಕೆ: ಆಟೋದವರಿಗೆ ಬರೀ "ಡಚ್" ಅಂದರೆ ಮಟ್ಟಾಂಚೇರಿಯ ಡಚ್ ಅರಮನೆಗೆ ಕರೆದುಕೊಂಡು ಹೋದಾರು. ಎಲ್ಲರೂ ಹೋಗುವುದು ಅಲ್ಲಿಗೇ. "ಡಚ್ ಸೆಮಿತ್ತೇರಿ" ಅನ್ನಿ. ಸ್ಮಶಾನಕ್ಕೆ ಮಲಯಾಳದಲ್ಲಿ ಬಳಸುವ ಈ ಮಾತು ಪೋರ್ಚುಗೀಸರಿಂದ ಬಂದದ್ದು. ಹೇಗೂ ನೀವು ಮೊದಲು ಹೋಗಬೇಕಾದದ್ದು ಚರ್ಚಿಗೆ ತಾನೇ, ಅದಕ್ಕೆ ಆಟೋನೇ ಬೇಡ. ಜೆಟ್ಟಿಯಿಂದ ನಡೆದೇ ಹೋಗಬಹುದು.

3. ಮೊದಲು ಚರ್ಚು, ಅದೂ ನಿಧಾನವಾಗಿ

ಇದನ್ನು ಬರೀ ಅನುಮತಿ ಕೇಳುವ ಆಫೀಸು ಅಂದುಕೊಳ್ಳಬೇಡಿ. ಸ್ಮಶಾನ ಅರ್ಥವಾಗಬೇಕಾದರೆ ಪಾಠ ಆಗುವುದು ಇಲ್ಲೇ.

ಪೋರ್ಚುಗೀಸರು 1503ರಲ್ಲಿ ಇಲ್ಲಿ ಮರದ ಚರ್ಚು ಕಟ್ಟಿದರು. ಆಮೇಲೆ ಕಲ್ಲು ಗಾರೆಯಲ್ಲಿ ಕಟ್ಟಿದ್ದು 1516ರಲ್ಲಿ ಮುಗಿಯಿತು. ಡಚ್ಚರು ಬಂದಾಗ ಬೇರೆ ಕ್ಯಾಥೊಲಿಕ್ ಚರ್ಚುಗಳನ್ನು ಕೆಡವಿ, ಇದೊಂದನ್ನು ಉಳಿಸಿಕೊಂಡು ತಮ್ಮ ಪ್ರೊಟೆಸ್ಟಂಟ್ ಪದ್ಧತಿಗೆ ಬದಲಿಸಿಕೊಂಡರು. 1804ರಲ್ಲಿ ಆಂಗ್ಲಿಕನ್ನರಿಗೆ, ಅಂದರೆ ಇಂಗ್ಲೆಂಡಿನ ಚರ್ಚಿಗೆ ಸೇರಿದವರಿಗೆ ಒಪ್ಪಿಸಿದರು. ಈಗ ಇದು ಸಿಎಸ್‌ಐ, ಅಂದರೆ ದಕ್ಷಿಣ ಭಾರತ ಸಭೆಯ ಕೈಯಲ್ಲಿದೆ. 1923ರಿಂದ ಪುರಾತತ್ವ ಇಲಾಖೆಯ ಸಂರಕ್ಷಿತ ಕಟ್ಟಡವೂ ಹೌದು.

ಒಳಗೆ ಹೋದ ತಕ್ಷಣ ಎಲ್ಲರೂ ವಾಸ್ಕೋನ ಕಲ್ಲಿನ ಕಡೆ ಓಡುತ್ತಾರೆ. ಸುತ್ತ ಕಂಬಿ ಹಾಕಿದ್ದಾರೆ, ಬೇಗ ಕಾಣುತ್ತದೆ. ನೋಡಿ, ತಪ್ಪಿಲ್ಲ. ಮೇಲೆ ತೂಗುಹಾಕಿದ ಬಟ್ಟೆಯ ದೊಡ್ಡ ಬೀಸಣಿಗೆಗಳನ್ನೂ ನೋಡಿ. ಹೊರಗೆ ಕೂತು ಹಗ್ಗ ಎಳೆದರೆ ಒಳಗೆ ಗಾಳಿ. ಹೊರಗೆ ಕೂತವನಿಗೆ ಗಾಳಿ ಇಲ್ಲ, ಅದು ಬೇರೆ ಮಾತು.

ಆಮೇಲೆ ಗೋಡೆಗಳ ಕಡೆ ತಿರುಗಿ. ನಿಮ್ಮ ಕೆಲಸ ಇರುವುದು ಅಲ್ಲಿ. ಒಂದು ಕಾಲದಲ್ಲಿ ನೆಲಕ್ಕೆ ಹಾಸಿದ್ದ ಗೋರಿಕಲ್ಲುಗಳನ್ನು ಎತ್ತಿ ಗೋಡೆಗೆ ನಿಲ್ಲಿಸಿದ್ದಾರೆ. ಉತ್ತರದ ಗೋಡೆಯಲ್ಲಿ ಪೋರ್ಚುಗೀಸರದು, ದಕ್ಷಿಣದ ಗೋಡೆಯಲ್ಲಿ ಡಚ್ಚರದು. ನೆರಳಲ್ಲಿ ಇದ್ದದ್ದರಿಂದ ಇವುಗಳ ಅಕ್ಷರ ಚೆನ್ನಾಗಿ ಉಳಿದಿದೆ. ಸ್ಮಶಾನದ ಕಲ್ಲುಗಳು ಬಿಸಿಲು ಮಳೆ ಉಪ್ಪುಗಾಳಿಗೆ ಸವೆದಿವೆ. ದಕ್ಷಿಣದ ಗೋಡೆಯ ಮುಂದೆ ಒಂದು ಅರ್ಧ ಗಂಟೆ ನಿಂತರೆ ಡಚ್ ಕಲ್ಲಿನ ವರಸೆ ನಿಮಗೆ ಕಣ್ಣಿಗೆ ಹತ್ತುತ್ತದೆ. ಸಂಜೆ ಸವೆದ ಕಲ್ಲಿನ ಮುಂದೆ ನಿಂತಾಗ ಅರ್ಧ ಅಕ್ಷರ ಕಂಡರೂ ಉಳಿದರ್ಧ ಊಹಿಸಬಹುದು.

ಇನ್ನೊಂದು ವಸ್ತು ಕೇಳಿ ನೋಡಿ: 'ಡೂಪ್ ಬುಕ್'. ಡೂಪ್ ಅಂದರೆ ಡಚ್ ಭಾಷೆಯಲ್ಲಿ ದೀಕ್ಷಾಸ್ನಾನ, ಮಗುವಿಗೆ ನೀರು ಚಿಮುಕಿಸಿ ಹೆಸರಿಡುವುದು. ಇದು 1751ರಿಂದ 1804ರವರೆಗಿನ ದೀಕ್ಷಾಸ್ನಾನ ಮತ್ತು ಮದುವೆಗಳ ಕೈಬರಹದ ದಫ್ತರ. ಮೂಲ ಪುಸ್ತಕ ಮುಟ್ಟಲು ಕೊಡುವುದಿಲ್ಲ, ನೋಡುವವರಿಗಾಗಿ ಅದರ ನಕಲು ಪ್ರತಿ ಇಟ್ಟಿದ್ದಾರೆ. ಸ್ಮಶಾನದಲ್ಲಿ ಮಲಗಿರುವವರ ಊರು ಹೇಗಿತ್ತು, ಯಾರು ಯಾರನ್ನು ಮದುವೆಯಾದರು ಅನ್ನುವುದು ಇದರಲ್ಲಿ ಸಾಲುಸಾಲಾಗಿ ಇದೆ. ಕಲ್ಲಿಗೆ ದುಡ್ಡು ಬೇಕು, ದಫ್ತರದಲ್ಲಿ ಹೆಸರಿಗೆ ಒಂದು ಸಾಲು ಸಾಕು. ಹಾಗಾಗಿ ಗೋರಿ ಕಟ್ಟಿಸಿಕೊಳ್ಳಲು ಆಗದವರೂ ಇದರಲ್ಲಿ ಸಿಗುತ್ತಾರೆ.

4. ಅನುಮತಿ ಕೇಳುವುದು

ಚರ್ಚಿನಲ್ಲಿ ಇರುವ ಸಿಬ್ಬಂದಿಯನ್ನು ಕೇಳಿ. ನೇರವಾಗಿ, ಸರಳವಾಗಿ. ಯಾರು, ಎಲ್ಲಿಂದ ಬಂದಿರಿ, ಯಾಕೆ ನೋಡಬೇಕು, ಎಷ್ಟು ಜನ, ಎಷ್ಟು ಹೊತ್ತು. ಇಷ್ಟು ಹೇಳಿದರೆ ಸಾಕು. ಇಂಗ್ಲಿಷ್ ನಡೆಯುತ್ತದೆ. ಎರಡು ಮಾತು ಮಲಯಾಳ ಬಂದರೆ ಮುಖ ಅರಳುತ್ತದೆ: "ಡಚ್ ಸೆಮಿತ್ತೇರಿ ಕಾಣಾನ್ ಪಟ್ಟುಮೋ?" ನೋಡಬಹುದಾ ಅಂತ. ಬೀಗದ ಕೈಗೆ 'ತಾಕ್ಕೋಲ್' ಅನ್ನುತ್ತಾರೆ. ಕನ್ನಡದವರಿಗೆ ಬಾಯಿಪಾಠ ಮಾಡಲು ಕಷ್ಟವೇನಿಲ್ಲ.

ಇಲ್ಲಿ ಜನ ಮಾಡುವ ತಪ್ಪುಗಳು ಹೇಳುತ್ತೇನೆ.

ವಾಪಸ್ ಹೋಗುವ ದಿನ, ರೈಲಿಗೆ ಮೂರು ಗಂಟೆ ಇದೆ ಅನ್ನುವಾಗ ಹೋಗಿ ಕೇಳುವುದು. ಬೀಗ ತೆಗೆಯುವವರು ಆ ಹೊತ್ತಿಗೆ ಅಲ್ಲಿರಬೇಕಲ್ಲ. ಊರಿಗೆ ಬಂದ ಮೊದಲ ದಿನವೇ ಕೇಳಿಬಿಡಿ. "ನಾಳೆ ಬನ್ನಿ" ಅಂದರೂ ಕೈಯಲ್ಲಿ ನಾಳೆ ಇರುತ್ತದೆ.

ಹತ್ತು ಹನ್ನೆರಡು ಜನರ ಗುಂಪು ಕಟ್ಟಿಕೊಂಡು ಹೋಗುವುದು. ಇಬ್ಬರು ಮೂವರಾದರೆ ಸುಲಭ. ದೊಡ್ಡ ಗುಂಪಾದರೆ, ಸಂಶೋಧನೆಯ ಕೆಲಸವಾದರೆ, ಮೊದಲೇ ಚರ್ಚಿಗೆ ಒಂದು ಪತ್ರ ಬರೆಯುವುದು ವಾಸಿ.

ಗೇಟಿನ ಹತ್ತಿರ ಯಾರೋ "ನಾನು ತೆಗೆಸಿಕೊಡ್ತೀನಿ" ಅಂತ ಬಂದರೆ ದುಡ್ಡು ಕೊಟ್ಟುಬಿಡುವುದು. ಅದು ಬೇಡ. ಕೊಡಬೇಕು ಅನಿಸಿದರೆ ಚರ್ಚಿನ ಕಾಣಿಕೆ ಡಬ್ಬಿಗೆ ಹಾಕಿ.

ಮತ್ತೆ ಎಲ್ಲಕ್ಕಿಂತ ದೊಡ್ಡ ತಪ್ಪು, ಕಾಂಪೌಂಡ್ ಹಾರುವುದು. ಇದು ಯಾರದೋ ಪಾಳುಬಿದ್ದ ಜಾಗವಲ್ಲ, ಒಂದು ಸಭೆಯವರ ಸ್ಮಶಾನ. ಹಾರಿದವರ ವೀಡಿಯೊ ನೋಡಿ ಇನ್ನಷ್ಟು ಜನ ಹಾರುತ್ತಾರೆ. ಆಮೇಲೆ ಬೀಗ ಇನ್ನೂ ಗಟ್ಟಿಯಾಗುತ್ತದೆ.

ಇಲ್ಲ ಅಂದರೆ? ಇಲ್ಲ ಅಂತಲೇ ಅರ್ಥ. ವಾದ ಮಾಡಬೇಡಿ. ಅಂಥವರಿಗಾಗಿ ಎಂಟನೇ ಹಂತ ಇದೆ.

5. ಗೇಟಿನ ಒಳಗೆ

ಚರ್ಚಿನಿಂದ ಸ್ಮಶಾನಕ್ಕೆ ಸಮುದ್ರದ ಕಡೆಗೆ ಹತ್ತು ನಿಮಿಷದ ನಡಿಗೆ. ಬಗ್ಗಿದ ಮಳೆಮರಗಳ ನೆರಳಿನ ಬೀದಿ, ಆಮೇಲೆ ಬೀಚ್ ಕಡೆಯ ರಸ್ತೆ. ಹೋಗುವ ಮೊದಲು ಪರೇಡ್ ಮೈದಾನದ ಎದುರು ಇರುವ ವಿಒಸಿ ಗೇಟು ಒಮ್ಮೆ ನೋಡಿಕೊಳ್ಳಿ. 1740ರ ದೊಡ್ಡ ಮರದ ಬಾಗಿಲು. ವಿಒಸಿ ಅಂದರೆ ಡಚ್ ಈಸ್ಟ್ ಇಂಡಿಯಾ ಕಂಪನಿ, 1602ರಲ್ಲಿ ಹುಟ್ಟಿದ್ದು. ದೊಡ್ಡ 'ವಿ' ಅಕ್ಷರದ ಎರಡು ತೋಳಿಗೆ 'ಒ' ಮತ್ತು 'ಸಿ' ಸಿಕ್ಕಿಸಿದ ಗುರುತು ಅದರ ಮೇಲಿದೆ. ಆ ಗುರುತು ಒಮ್ಮೆ ಕಣ್ಣಿಗೆ ಬಿದ್ದರೆ ಮತ್ತೆ ಎಲ್ಲಿ ಕಂಡರೂ ಗೊತ್ತಾಗುತ್ತದೆ.

ಸ್ಮಶಾನ ದೊಡ್ಡದಲ್ಲ. ಒಳಗೆ 104 ಗೋರಿಗಳಿವೆ. ಕೆಲವು ಚಪ್ಪಟೆ ಕಟ್ಟೆಗಳ ಹಾಗೆ, ಕೆಲವು ಮೇಲೆ ಹೋಗ್ತಾ ಮೊನಚಾಗುವ ಕಂಬಗಳ ಹಾಗೆ. ಬಿಳಿ ಇದ್ದ ಗಾರೆ ಪಾಚಿ ಹಿಡಿದು ಕಪ್ಪಾಗಿದೆ. ತುಂಬಾ ಗೋರಿಗಳ ಮೇಲೆ ಈಗ ಓದುವಂಥ ಅಕ್ಷರವೇ ಇಲ್ಲ. ಅಲೆಯ ಸದ್ದು ಕೇಳುತ್ತಿರುತ್ತದೆ. ಆಚೆ ಬೀಚಿನಲ್ಲಿ ಕಡ್ಲೆಕಾಯಿ ಮಾರುವವರ ಕೂಗೂ.

ಕಾಲಿಗೆ ಶೂ ಇರಲಿ, ಚಪ್ಪಲಿ ಬೇಡ. ಹುಲ್ಲಿನಲ್ಲಿ ಒಂದು ಕೋಲು ತಟ್ಟುತ್ತಾ ನಡೆಯಿರಿ. ಹಾವಿಗೆ ಇಂಥ ಜಾಗ ಇಷ್ಟ. ಬಿರುಕುಬಿಟ್ಟ ಗೋರಿಯ ಮೇಲೆ ಹತ್ತುವುದು, ಕೂರುವುದು ಬೇಡ. ಮರ್ಯಾದೆಯ ಪ್ರಶ್ನೆ ಒಂದು ಕಡೆ ಇರಲಿ, ಒಳಗೆ ಟೊಳ್ಳಾದ ಕಟ್ಟೆ ಕುಸಿದರೆ ಕಾಲು ಮುರಿಯುತ್ತದೆ. ಮಕ್ಕಳಿದ್ದರೆ ಕೈ ಹಿಡಿದುಕೊಳ್ಳಿ. ಗಾರೆಯ ಸಂದಿಯಲ್ಲಿ ಬೇರು ಬಿಟ್ಟ ಗಿಡವನ್ನು 'ಸ್ವಚ್ಛ ಮಾಡ್ತೀನಿ' ಅಂತ ಕಿತ್ತುಬಿಡಬೇಡಿ. ಬೇರಿನ ಜೊತೆ ಗಾರೆಯೂ ಕಿತ್ತು ಬರುತ್ತದೆ.

6. ಕಲ್ಲು ಓದುವುದು

ನನಗೆ ಎಲ್ಲಕ್ಕಿಂತ ಇಷ್ಟದ ಭಾಗ ಇದು. ಸ್ವಲ್ಪ ಜಾಸ್ತಿ ಹೇಳುತ್ತೇನೆ.

ಮೊದಲು ಕಲ್ಲು ಯಾಕೆ ಹೀಗಾಗಿದೆ ಅಂತ ತಿಳಿಯಬೇಕು. ಸಮುದ್ರದ ಗಾಳಿಯಲ್ಲಿ ಉಪ್ಪುನೀರಿನ ಸಣ್ಣ ಹನಿಗಳು ಇರುತ್ತವೆ. ಅವು ಸುಣ್ಣದ ಗಾರೆಯ, ಕಲ್ಲಿನ ಸಣ್ಣ ರಂಧ್ರಗಳಿಗೆ ಇಳಿಯುತ್ತವೆ. ನೀರು ಆರುತ್ತದೆ, ಉಪ್ಪು ಒಳಗೇ ಹರಳುಗಟ್ಟುತ್ತದೆ. ಹರಳು ಬೆಳೆಯುತ್ತಾ ಮೇಲಿನ ಪದರವನ್ನು ಒಳಗಿನಿಂದ ನೂಕುತ್ತದೆ. ಮತ್ತೆ ತೇವ ಬಂದರೆ ಕರಗುತ್ತದೆ, ಮತ್ತೆ ಆರಿದರೆ ಹರಳಾಗುತ್ತದೆ. ಹೀಗೆ ವರ್ಷಗಟ್ಟಲೆ ನಡೆದರೆ ಹಪ್ಪಳದ ಹಾಗೆ ಪದರ ಎದ್ದು ಬೀಳುತ್ತದೆ. ಬೀಳುವ ಪದರದ ಮೇಲೇ ಅಲ್ವಾ ಅಕ್ಷರ ಇರುವುದು! ಸಿಮೆಂಟು ಮೆತ್ತಿ ರಿಪೇರಿ ಮಾಡಿದ ಕಡೆ ಇನ್ನೂ ಕಷ್ಟ. ಸುಣ್ಣ ತೇವವನ್ನು ಹೊರಗೆ ಬಿಡುತ್ತದೆ, ಸಿಮೆಂಟು ಒಳಗೇ ಹಿಡಿದಿಡುತ್ತದೆ.

ಹಾಗಾಗಿ ಅಕ್ಷರ ಕಾಣಲಿ ಅಂತ ಕಲ್ಲಿಗೆ ಏನನ್ನೂ ಹಚ್ಚಬೇಡಿ. ಚಾಕ್ ಉಜ್ಜುವವರಿದ್ದಾರೆ. ಮೈದಾ ಎರಚುವವರಿದ್ದಾರೆ. ಎಣ್ಣೆ, ಶೇವಿಂಗ್ ನೊರೆ, ತಂತಿ ಬ್ರಶ್ಶು, ಎಲ್ಲ ನೋಡಿದ್ದೇನೆ. ಒಂದು ಫೋಟೋಗಾಗಿ ಎದ್ದುನಿಂತ ಪದರವನ್ನು ಉಜ್ಜಿ ಬೀಳಿಸಿದರೆ ಆ ಹೆಸರು ಶಾಶ್ವತವಾಗಿ ಹೋಯಿತು. ಕಾಗದ ಇಟ್ಟು ಸೀಸದಲ್ಲಿ ಉಜ್ಜಿ ಅಚ್ಚು ತೆಗೆಯುವುದೂ ಇಂಥ ಕಲ್ಲಿಗೆ ಒಳ್ಳೆಯದಲ್ಲ.

ಬೇಕಾದದ್ದು ಬೆಳಕು, ಅದೂ ಓರೆಯಾಗಿ ಬೀಳುವ ಬೆಳಕು. ನಡುಮಧ್ಯಾಹ್ನ ಬೋಳು ಅಂತ ಕಂಡ ಕಲ್ಲಿನಲ್ಲೂ ಸಂಜೆ ಐದರ ಬಿಸಿಲಿಗೆ ಸಾಲು ಏಳುವುದುಂಟು. ಬಿಸಿಲು ಕಲ್ಲಿನ ಮೈ ಸವರಿಕೊಂಡು ಹೋಗುವಾಗ ಕೆತ್ತಿದ ಗುಂಡಿಯಲ್ಲಿ ನೆರಳು ನಿಲ್ಲುತ್ತದೆ, ಆ ನೆರಳನ್ನೇ ನಾವು ಓದುವುದು. ಸಂಜೆ ಹೋಗಿ ಅಂದದ್ದು ಇದಕ್ಕೆ. ಬಿಸಿಲು ಸಿಗದ ಮುಖಕ್ಕೆ ಮೊಬೈಲ್ ಟಾರ್ಚ್ ಸಾಕು. ಟಾರ್ಚನ್ನು ಕಲ್ಲಿಗೆ ಹೆಚ್ಚುಕಮ್ಮಿ ಒರಗಿಸಿದ ಹಾಗೆ ಪಕ್ಕದಲ್ಲಿ ಹಿಡಿಯಿರಿ, ಎದುರಿನಿಂದಲ್ಲ. ಒಮ್ಮೆ ಎಡದಿಂದ, ಒಮ್ಮೆ ಮೇಲಿನಿಂದ ಬೆಳಕು ಬಿಟ್ಟು ಎರಡು ಫೋಟೋ ತೆಗೆಯಿರಿ. ಅಡ್ಡಗೆರೆ ಒಂದರಲ್ಲಿ ಕಾಣುತ್ತದೆ, ಉದ್ದಗೆರೆ ಇನ್ನೊಂದರಲ್ಲಿ.

ಈಗ ಪದಗಳು. ಹಳೆಯ ಡಚ್ ಗೋರಿಕಲ್ಲುಗಳಲ್ಲಿ ಹತ್ತು ಹನ್ನೆರಡು ಪದಗಳೇ ತಿರುಗಿ ತಿರುಗಿ ಬರುತ್ತವೆ. ಡಚ್ಚರ ಉಚ್ಚಾರ ಬೇರೆ. ಕಲ್ಲಿನ ಮೇಲೆ ಕಾಣುವ ಅಕ್ಷರವನ್ನು ಕೂಡಿಸಿ ಓದಿದರೆ ಹೇಗೋ ಹೆಚ್ಚುಕಮ್ಮಿ ಹಾಗೆ ಇಲ್ಲಿ ಬರೆದಿದ್ದೇನೆ.

'ಹಿಯರ್ ರುಸ್ಟ್' ಅಂದರೆ ಇಲ್ಲಿ ವಿಶ್ರಮಿಸುತ್ತಿದ್ದಾರೆ. 'ಬೆಗ್ರಾವೆನ್', ಹೂಳಲಾಗಿದೆ. 'ಗೆಬೊರೆನ್', ಹುಟ್ಟಿದ್ದು. 'ಓವರ್ಲೇಡೆನ್', ತೀರಿಕೊಂಡದ್ದು. ಇದರ ಬದಲು ಲ್ಯಾಟಿನ್ನಿನ 'ಒಬಿಯಿಟ್' ಕೂಡ ಇರಬಹುದು. 'ಔಡ್' ಅಂದರೆ ವಯಸ್ಸು. ಅದರ ಮುಂದೆ 'ಯಾರೆನ್', 'ಮಾಂಡೆನ್', 'ಡಾಗೆನ್' ಬಂದರೆ ವರ್ಷ, ತಿಂಗಳು, ದಿನ. 'ಹುಯಿಸ್‌ವ್ರೌ' ಅಂದರೆ ಹೆಂಡತಿ, 'ವೆಡುವೆ' ಅಂದರೆ ವಿಧವೆ.

ಹುದ್ದೆಗಳೂ ಬರುತ್ತವೆ. 'ಕೋಪ್‌ಮನ್' ಅಂದರೆ ವ್ಯಾಪಾರಿ, ಆದರೆ ಅಂಗಡಿ ಇಟ್ಟವನಲ್ಲ. ಅದು ಕಂಪನಿಯೊಳಗಿನ ದರ್ಜೆ. 'ಓಂಡರ್' ಸೇರಿದರೆ ಕಿರಿಯ, 'ಓಪರ್' ಸೇರಿದರೆ ಹಿರಿಯ. 'ಕಮಾಂಡೂರ್' ಅಂದರೆ ಮಲಬಾರಿನ ಡಚ್ ನೆಲೆಗಳ ಮುಖ್ಯಸ್ಥ. 'ಪ್ರೆಡಿಕಾಂಟ್' ಅಂದರೆ ಪಾದ್ರಿ.

ಡಚ್ಚರ ಕಲ್ಲುಗಳಲ್ಲಿ ವಯಸ್ಸನ್ನು ಇಂತಿಷ್ಟು ವರ್ಷ, ಇಂತಿಷ್ಟು ತಿಂಗಳು, ಇಂತಿಷ್ಟು ದಿನ ಅಂತ ಕೆತ್ತುವ ರೂಢಿ ಇತ್ತು. ಸತ್ತ ತಾರೀಖಿನಿಂದ ಅದನ್ನು ಕಳೆದರೆ ಹುಟ್ಟಿದ ತಾರೀಖು ಸಿಗುತ್ತದೆ. ಕಲ್ಲಿನ ಮೇಲೆ ಹುಟ್ಟಿದ ದಿನ ಇಲ್ಲ ಅಂತ ಬೇಜಾರು ಮಾಡಿಕೊಳ್ಳಬೇಡಿ, ಕಾಗದ ಪೆನ್ನು ತಗೊಳ್ಳಿ. ದೊಡ್ಡಕ್ಷರದ ಕಲ್ಲುಗಳಲ್ಲಿ 'ಯು' ಇರಬೇಕಾದ ಕಡೆ 'ವಿ' ಇದ್ದರೆ ಗಾಬರಿ ಬೇಡ. ಆಗ ಹಾಗೇ ಕೆತ್ತುತ್ತಿದ್ದರು. ಒಂದೇ ಮನೆತನದ ಹೆಸರನ್ನು ಎರಡು ಕಲ್ಲುಗಳಲ್ಲಿ ಎರಡು ಥರ ಬರೆದಿರುವುದೂ ಮಾಮೂಲು.

ಓದಿದ್ದನ್ನು ಅಲ್ಲೇ, ನಿಂತಲ್ಲೇ ಬರೆದುಕೊಳ್ಳಿ. ಕಾಣದ ಅಕ್ಷರಕ್ಕೆ ಚುಕ್ಕಿ ಇಡಿ, ಊಹಿಸಿದ್ದಕ್ಕೆ ಕಂಸ ಹಾಕಿ. ರೂಮಿಗೆ ಹೋಗಿ ಫೋಟೋ ನೋಡಿ ಬರೀತೀನಿ ಅಂದುಕೊಂಡರೆ 3 ಯಾವುದು 8 ಯಾವುದು ಅಂತ ತಿಳಿಯುವುದಿಲ್ಲ.

7. ಫೋಟೋ

ಮೊಬೈಲಿನಲ್ಲಿ ತೆಗೆಯಬಹುದಾ ಅಂತ ಬೀಗ ತೆಗೆದವರನ್ನೇ ಕೇಳಿ. ಮದುವೆ ಫೋಟೋಶೂಟ್ ಮಾತ್ರ ಬೇಡ, ಕೇಳಲೂ ಬೇಡ. ಡ್ರೋನ್ ಚೀಲದಲ್ಲಿದ್ದರೆ ಅಲ್ಲೇ ಇರಲಿ. ಫೋರ್ಟ್ ಕೊಚ್ಚಿಯಲ್ಲಿ ನೌಕಾಪಡೆಯ ಐಎನ್‌ಎಸ್ ದ್ರೋಣಾಚಾರ್ಯ ಇದೆ. ಅಂಥ ಕಡೆ ಡ್ರೋನ್ ಹಾರಿಸಿದರೆ ಪೊಲೀಸರಿಗೆ ಉತ್ತರ ಹೇಳುತ್ತಾ ಕೂರಬೇಕಾಗುತ್ತದೆ.

8. ಒಳಗೆ ಬಿಡದಿದ್ದರೆ

ಪ್ರವಾಸ ದಂಡವಾಗುವುದಿಲ್ಲ. ಗೇಟಿನ ಹೊರಗೆ ನಿಂತರೂ ಗೋರಿಗಳ ಸಾಲು ಕಾಣುತ್ತದೆ. ಆಕಾರ ನೋಡಲು ಅಷ್ಟು ಸಾಕು. ಅಕ್ಷರ ಬೇಕು ಅನ್ನುವವರು ಚರ್ಚಿನ ದಕ್ಷಿಣದ ಗೋಡೆಗೆ ಎರಡನೇ ಸಲ ಹೋಗಿ. ನಿಜ ಹೇಳಬೇಕೆಂದರೆ ಓದಲು ಸಿಗುವುದು ಅಲ್ಲೇ ಜಾಸ್ತಿ.

ಹೊತ್ತಿದ್ದರೆ ಬಾಸ್ಟಿಯನ್ ಬಂಗಲೆ ನೋಡಿ. ಡಚ್ಚರು 1667ರಲ್ಲಿ ಕೋಟೆಯ ಕೊತ್ತಳದ ಮೇಲೆ ಕಟ್ಟಿದ್ದು, ಈಗ ಮ್ಯೂಸಿಯಂ. ಕೋಟೆ ಎಲ್ಲಿ ಅಂತ ಕೇಳಬೇಡಿ. ಅದರ ಬಹುಪಾಲನ್ನು ಬ್ರಿಟಿಷರು 1806ರಲ್ಲಿ ಉಡಾಯಿಸಿದರು. ಊರಿನ ಹೆಸರಿನಲ್ಲಿ ಕೋಟೆ ಉಳಿಯಿತು, ನೆಲದ ಮೇಲೆ ಉಳಿದದ್ದು ಒಂದಿಷ್ಟು ಗೋಡೆಯ ಚೂರು.

ನಿರ್ದಿಷ್ಟ ಹೆಸರು ಹುಡುಕಿಕೊಂಡು ಹೋದವರಿಗೆ ಇನ್ನೊಂದು ದಾರಿ ಇದೆ. ಕೊಚ್ಚಿಯ ಡಚ್ ಕಾಲದ ಕಾಗದಪತ್ರಗಳು ಚೆನ್ನೈನ ಎಗ್ಮೋರ್‌ನಲ್ಲಿರುವ ತಮಿಳುನಾಡು ಪತ್ರಾಗಾರದಲ್ಲಿವೆ. ಕಂಪನಿಯ ಮುಖ್ಯ ದಫ್ತರಗಳು ನೆದರ್‌ಲ್ಯಾಂಡ್ಸ್‌ನ ಹೇಗ್‌ನಲ್ಲಿವೆ. ಬ್ರಿಟಿಷರ ಹೆಸರಾದರೆ ದಕ್ಷಿಣ ಏಷ್ಯಾದ ಯುರೋಪಿಯನ್ ಸ್ಮಶಾನಗಳಿಗಾಗಿಯೇ ಬ್ರಿಟನ್ನಿನಲ್ಲಿ 1976ರಲ್ಲಿ ಶುರುವಾದ ಬಾಕ್ಸಾ ಅನ್ನುವ ಸಂಘ ಇದೆ. ಕಲ್ಲು ಅಳಿಸಿಹೋದರೂ ಹೆಸರು ಇಂಥ ಯಾವುದಾದರೂ ಕಡತದಲ್ಲಿ ಇರುವ ಸಾಧ್ಯತೆ ಇದೆ.

9. ವಾಪಸ್

ಹೊರಡುವಾಗ ಗೇಟು ಎಳೆದುಕೊಂಡು ಸುಮ್ನೆ ಬಂದುಬಿಡಬೇಡಿ. ಬೀಗ ತೆಗೆದವರಿಗೆ ನಾವು ಹೊರಟೆವು ಅಂತ ಹೇಳಿ, ಅವರು ಬೀಗ ಹಾಕುವವರೆಗೆ ನಿಲ್ಲಿ. ಹೊಸದಾಗಿ ಬಿದ್ದ ಗಾರೆ, ಒಡೆದ ಕಲ್ಲು ಕಂಡಿದ್ದರೆ ಅದನ್ನೂ ಹೇಳಿ. ಬಿದ್ದ ಚೂರನ್ನು ನೆನಪಿಗೆ ಅಂತ ಜೇಬಿಗೆ ಹಾಕಿಕೊಳ್ಳುವುದಂತೂ ಬೇಡವೇ ಬೇಡ.

ಸೂರ್ಯ ಮುಳುಗುವುದನ್ನು ನೋಡಲು ಪಕ್ಕದ ಬೀಚಿಗೆ ಊರಿಗೆ ಊರೇ ಬಂದಿರುತ್ತದೆ. ಮುಳುಗಿದ ಮೇಲೆ ಎಲ್ಲರೂ ಒಟ್ಟಿಗೆ ಜೆಟ್ಟಿಗೆ ನುಗ್ಗುತ್ತಾರೆ, ವಾಟರ್ ಮೆಟ್ರೋ ಸಾಲು ರಸ್ತೆಗೇ ಬರುತ್ತದೆ. ರಾತ್ರಿ ರೈಲು ಇದ್ದರೆ ಸೂರ್ಯ ಇನ್ನೂ ಮೇಲಿರುವಾಗಲೇ ಜೆಟ್ಟಿ ಕಡೆ ಹೆಜ್ಜೆ ಹಾಕಿ. ಮುಳುಗುವುದನ್ನು ದೋಣಿಯಿಂದಲೇ ನೋಡಬಹುದು.